ನಾಲ್ಕುನೂರು ಗ್ರಾಂ

ತರಕಾರಿ ತುಂಬುವ ಪ್ಲಾಸ್ಟಿಕ್ ಕ್ರೇಟು ಖಾಲಿಯಿದ್ದಾಗ ಎಷ್ಟು ತೂಗುತ್ತದೆ ಎಂಬುದು ನನ್ನ ಬದುಕಿನಲ್ಲಿ ಮುಖ್ಯವಾದ ಸಂಗತಿಯಾದೀತೆಂದು ಕೆಲಸಕ್ಕೆ ಸೇರಿದ ದಿನ ನಾನು ಎಣಿಸಿರಲಿಲ್ಲ. ನಮ್ಮಲ್ಲಿದ್ದ ಹಳೆಯ ಕ್ರೇಟು 2 ಕಿಲೋ ತೂಗುತ್ತಿತ್ತು. ಆಮೇಲೆ ಬಂದ ಹೊಸದು 1 ಕಿಲೋ 600 ಗ್ರಾಂ. ನಡುವಿನ ಈ 400 ಗ್ರಾಂ ನಮ್ಮ ಕಂಪನಿಯಲ್ಲಿ 41 ದಿನ ಯಾರಿಗೂ ತಿಳಿಯದೆ ಉಳಿಯಿತು. ತಿಳಿದವರು ಇದ್ದರು, ಅದನ್ನು ಹೇಳಿಕೊಳ್ಳಲು ಅವರಿಗೆ ದಾರಿಯಿರಲಿಲ್ಲ ಎನ್ನುವುದೇ ಹೆಚ್ಚು ಸರಿ. ಬೆಂಗಳೂರಿನಲ್ಲಿ ಕೆಲಸ ಹುಡುಕುತ್ತಿರುವ ನಮ್ಮೂರಿನ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡಿ, “ಅಕ್ಕ, ಸ್ಟಾರ್ಟಪ್‌ನಲ್ಲಿ ಕೆಲಸ ಹೇಗಿರುತ್ತೆ?” ಎಂದು ಕೇಳುತ್ತಾರೆ. ಸಂಬಳ, ರಜೆ, ಕೆಲಸದ ಹೊತ್ತು ಇವುಗಳ ಬಗ್ಗೆ ಅವರಿಗೆ ಬೇರೆಯವರೂ ಹೇಳಬಲ್ಲರು. ನಾನು ಅವರಿಗೆ ಹೇಳುವುದು ಈ 400 ಗ್ರಾಂನ ಕಥೆಯನ್ನು, ಮತ್ತು ಇವತ್ತು ಅದನ್ನು ಮೊದಲಿನಿಂದ ಬರೆದಿಡಬೇಕೆನಿಸಿದೆ.

ನಾನು ಅರಸೀಕೆರೆಯ ದಿನಸಿ ಅಂಗಡಿಯವರ ಮಗಳು. ಎಂಜಿನಿಯರಿಂಗ್ ಮುಗಿಸಿ, ದೊಡ್ಡ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಮೂರು ವರ್ಷ ದುಡಿದು, 2019ರ ಜೂನ್‌ನಲ್ಲಿ ಎಚ್‌ಎಸ್‌ಆರ್ ಬಡಾವಣೆಯ ಒಂದು ಮನೆಯ ಎರಡು ಅಂತಸ್ತುಗಳಲ್ಲಿ ನಡೆಯುತ್ತಿದ್ದ ಈ ಕಂಪನಿಗೆ ಸೇರಿದೆ. ಆಗ ಅಲ್ಲಿ ನಾನು 23ನೆಯವಳು. ಮಾಲೂರು, ಹೊಸಕೋಟೆ, ಕೋಲಾರದ ಸುತ್ತಲಿನ ರೈತರಿಂದ ತರಕಾರಿಯನ್ನು ನೇರವಾಗಿ ಕೊಂಡು, ಬೆಂಗಳೂರಿನ ಸಣ್ಣ ತರಕಾರಿ ಅಂಗಡಿಗಳಿಗೂ ಹೋಟೆಲುಗಳಿಗೂ ಬೆಳಗಾಗುವುದರೊಳಗೆ ತಲುಪಿಸುವುದು ನಮ್ಮ ವ್ಯವಹಾರ. ಅಂಗಡಿಯವರು ಸಂಜೆಯ ಹೊತ್ತಿಗೆ ಮೊಬೈಲಿನಲ್ಲಿ ತಮಗೆ ಬೇಕಾದುದನ್ನು ಹೇಳುತ್ತಿದ್ದರು. ಅದೆಲ್ಲವನ್ನೂ ಕೂಡಿಸಿ, ಯಾವ ಕೇಂದ್ರದಿಂದ ಏನು ಎಷ್ಟು ಬರಬೇಕು ಎಂಬ ಇಂಡೆಂಟ್ ತಯಾರಾಗುತ್ತಿತ್ತು. ರೈತರು ಕೊಯ್ದು ತಂದ ಮಾಲನ್ನು ಹಳ್ಳಿಯ ಸಮೀಪದ ಕಲೆಕ್ಷನ್ ಸೆಂಟರ್‌ಗಳಲ್ಲಿ ತೂಗಿ, ವಿಂಗಡಿಸಿ, ಕ್ರೇಟುಗಳಲ್ಲಿ ತುಂಬಿ, ರಾತ್ರಿ ಟೆಂಪೊಗಳಲ್ಲಿ ನಗರಕ್ಕೆ ಸಾಗಿಸುತ್ತಿದ್ದೆವು. ಆ ತೂಕ, ದರ ಮತ್ತು ರೈತರ ಹಣದ ಲೆಕ್ಕ ಇಡುವ ಆ್ಯಪ್ ಬರೆಯುವುದು ನನ್ನ ಕೆಲಸವಾಗಿತ್ತು.

ಸೇರಿದ ಮೊದಲ ವಾರ ನನ್ನನ್ನು ಕಚೇರಿಯಲ್ಲಿ ಕೂರಿಸಲೇ ಇಲ್ಲ. ಕಂಪನಿ ಕಟ್ಟಿದ ಇಬ್ಬರಲ್ಲಿ ಒಬ್ಬರು ತಮ್ಮ ಕಾರಿನಲ್ಲೇ ನನ್ನನ್ನು ಮಾಲೂರಿನ ಕೇಂದ್ರಕ್ಕೆ ಕರೆದೊಯ್ದು, ಅಲ್ಲಿನ ತೂಕದ ಯಂತ್ರದ ಪಕ್ಕದಲ್ಲಿ ಬಿಟ್ಟು ಬಂದರು. ಆ ಯಂತ್ರದ ಮುಂದೆ ನಿಲ್ಲುತ್ತಿದ್ದ, ಎಲ್ಲರೂ ತೂಕದಣ್ಣ ಎಂದೇ ಕರೆಯುತ್ತಿದ್ದ ಐವತ್ತು ದಾಟಿದ ಮನುಷ್ಯರೊಬ್ಬರು ನನಗೆ ಆ ಕೆಲಸವನ್ನು ಕಲಿಸಿದ ಮೊದಲ ಗುರು. ಕೊತ್ತಂಬರಿ ಕಟ್ಟುಗಳ ಮೇಲೆ ನೀರು ಚಿಮುಕಿಸಿ ಚಿಮುಕಿಸಿ ಅವರ ಬೆರಳುಗಳು ಸದಾ ಒದ್ದೆಯಾಗಿರುತ್ತಿದ್ದವು, ಒದ್ದೆ ಬೆರಳಿಗೆ ಮೊಬೈಲಿನ ಪರದೆ ಮಣಿಯುತ್ತಿರಲಿಲ್ಲ. ಅವರು ಪ್ರತಿ ಸಲವೂ ಲುಂಗಿಗೆ ಕೈ ಒರೆಸಿಕೊಂಡು, ಹೆಬ್ಬೆರಳಿನ ಗೆಣ್ಣಿನಿಂದ ಒತ್ತಲು ನೋಡುತ್ತಿದ್ದರು. ನಾನು ಅವತ್ತೇ ರಾತ್ರಿ ಕೇಂದ್ರದ ಮೂಲೆಯಲ್ಲಿ ಕುಳಿತು ಗುಂಡಿಗಳನ್ನು ಅಂಗೈಯಗಲ ದೊಡ್ಡದಾಗಿಸಿದೆ, ತೂಕದ ಯಂತ್ರದ ಅಂಕಿ ತಾನಾಗಿಯೇ ಮೊಬೈಲಿಗೆ ಬರುವಂತೆ ಮಾಡುವ ಕೆಲಸವನ್ನು ಮರುದಿನ ಶುರುಮಾಡಿದೆ. ದೊಡ್ಡ ಕಂಪನಿಯ ಮೂರು ವರ್ಷಗಳಲ್ಲಿ ನಾನು ಬರೆದುದನ್ನು ಬಳಸುವ ಒಬ್ಬನೇ ಒಬ್ಬ ಮನುಷ್ಯನ ಮುಖವನ್ನೂ ನಾನು ನೋಡಿರಲಿಲ್ಲ. ಇಲ್ಲಿ ಬರೆದ ಇಪ್ಪತ್ತು ಗಂಟೆಗಳೊಳಗೆ ಒಬ್ಬರು, “ಇವಾಗ ಆಯ್ತು ನೋಡಮ್ಮ” ಎಂದು ಹೇಳಿದರು. ಸ್ಟಾರ್ಟಪ್‌ನ ಕೆಲಸದಲ್ಲಿ ಯಾವುದು ಜನರನ್ನು ಹಿಡಿದಿಡುತ್ತದೆ ಎಂದು ಕೇಳಿದರೆ, ನನ್ನ ಮಟ್ಟಿಗೆ ಅದು ಈ ಒಂದು ಮಾತು.

ಆ ಮೊದಲ ಒಂಬತ್ತು ತಿಂಗಳಲ್ಲಿ ತಪ್ಪಿಗೂ ಅದರ ಫಲಕ್ಕೂ ನಡುವೆ ಅಂತರವೇ ಇರಲಿಲ್ಲ. ಸಂಜೆ ಇಂಡೆಂಟಿನ ಲೆಕ್ಕದಲ್ಲಿ ನಾನು ಎಡವಿದರೆ, ರಾತ್ರಿ ಹತ್ತಕ್ಕೆ ಕೇಂದ್ರದಿಂದ, ಬೆಳಗಿನ ಐದಕ್ಕೆ ಅಂಗಡಿಯವರಿಂದ ಫೋನ್ ಬರುತ್ತಿತ್ತು. ಅನೇಕ ಸಾಫ್ಟ್‌ವೇರ್ ಕಂಪನಿಗಳಲ್ಲಿ ಬಳಕೆದಾರರು ಮಲಗಿರುವ ರಾತ್ರಿಯಲ್ಲಿ ಹೊಸ ಬದಲಾವಣೆಗಳನ್ನು ಜಾರಿಗೆ ತರುತ್ತಾರೆ. ನಮ್ಮಲ್ಲಿ ರಾತ್ರಿಯೇ ವ್ಯವಹಾರದ ಹೊತ್ತು, ಆದ್ದರಿಂದ ಮಧ್ಯಾಹ್ನ ಎರಡರಿಂದ ನಾಲ್ಕರವರೆಗಿನ ಸತ್ತ ಹೊತ್ತಿನಲ್ಲೇ ಏನನ್ನಾದರೂ ಬದಲಿಸಬೇಕಿತ್ತು. ಇಂಥ ಹತ್ತಾರು ನಿಯಮಗಳು ನಮ್ಮಲ್ಲಿದ್ದವು, ಒಂದೂ ಬರಹದಲ್ಲಿರಲಿಲ್ಲ. ಅಮಾವಾಸ್ಯೆಯ ಹಿಂದಿನ ದಿನ ಬೂದುಗುಂಬಳವನ್ನು ಎಷ್ಟು ಹೆಚ್ಚು ತರಿಸಬೇಕು, ಮಳೆ ಬಿದ್ದ ಮರುದಿನ ಸೊಪ್ಪಿನ ಎಷ್ಟು ಪಾಲು ಕೊಳೆತು ಡಂಪ್ ಆಗುತ್ತದೆ, ಯಾವ ಟೆಂಪೊ ಚಾಲಕರಿಗೆ ಯಾವ ಮಾರ್ಗ ಹೊಂದುತ್ತದೆ ಎಂಬುದೆಲ್ಲ ಯಾರೋ ಒಬ್ಬರ ತಲೆಯಲ್ಲಿರುತ್ತಿತ್ತು, ಮತ್ತು ಆ ಒಬ್ಬರು ಎದುರಿನ ಮೇಜಿನಲ್ಲೇ ಊಟ ಮಾಡುತ್ತಿರುತ್ತಿದ್ದರು. ಇಪ್ಪತ್ತಮೂರು ಜನರಿಗೆ ಬರಹ ಬೇಕಿರಲಿಲ್ಲ, ಕಿವಿಯಿದ್ದರೆ ಸಾಕಾಗಿತ್ತು.

2020ರ ಮಾರ್ಚ್ 24ರ ರಾತ್ರಿ ದೇಶವಿಡೀ ಲಾಕ್‌ಡೌನ್ ಘೋಷಣೆಯಾದಾಗ ನಮ್ಮ ಗಿರಾಕಿಗಳಲ್ಲಿ ಹೋಟೆಲಿನವರು ಒಂದೇ ರಾತ್ರಿಯಲ್ಲಿ ಇಲ್ಲವಾದರು. ತರಕಾರಿ ಸಾಗಣೆಗೆ ಅನುಮತಿಯಿದ್ದರೂ ಚಾಲಕರಿಗೆ ಪಾಸ್ ಮಾಡಿಸಬೇಕಿತ್ತು, ಕೂಲಿಯವರು ಊರುಗಳಿಗೆ ಹೋಗಿಬಿಟ್ಟಿದ್ದರು, ಹೊಲದಲ್ಲಿ ಟೊಮೆಟೊ ಹಣ್ಣಾಗುತ್ತಲೇ ಇತ್ತು. ಕಚೇರಿಯವರಲ್ಲಿ ಬರಲು ಸಾಧ್ಯವಿದ್ದ ಹನ್ನೊಂದು ಮಂದಿ ಗೋದಾಮಿನಲ್ಲಿ ನಿಂತು ಕ್ರೇಟು ಎತ್ತಿದೆವು. ಅಪಾರ್ಟ್‌ಮೆಂಟಿನ ನಿವಾಸಿಗಳು ಒಟ್ಟಾಗಿ ಆರ್ಡರ್ ಮಾಡುವ ವ್ಯವಸ್ಥೆಯೊಂದನ್ನು ನಾಲ್ಕು ದಿನದಲ್ಲಿ ಕಟ್ಟಿದೆವು. ಅದನ್ನು ಬರೆದ ಮೂವರಲ್ಲಿ ನಾನೂ ಒಬ್ಬಳು, ಮತ್ತು ಅದರಲ್ಲಿ ಆಗ ಬಿಟ್ಟ ಕೊರತೆಗಳನ್ನು ಮುಚ್ಚಲು ಮುಂದೆ ಎರಡು ವರ್ಷ ಹಿಡಿಯಿತು. ಆ ವಾರಗಳ ದಣಿವನ್ನು ದೇಹ ಇನ್ನೂ ಮರೆತಿಲ್ಲ. ಆದರೂ ಆ ಕೆಲಸದ ಅಗತ್ಯದ ಬಗ್ಗೆ ನನ್ನಲ್ಲಿ ಒಂದು ಕ್ಷಣವೂ ಅನುಮಾನ ಹುಟ್ಟಲಿಲ್ಲ, ಏಕೆಂದರೆ ಒಂದು ತುದಿಯ ಹೊಲವೂ ಇನ್ನೊಂದು ತುದಿಯ ಅಡುಗೆಮನೆಯೂ ನನಗೆ ಕಾಣುತ್ತಿದ್ದವು.

ಬೆಳವಣಿಗೆ ಶುರುವಾದದ್ದು ಅಲ್ಲಿಂದ. 2021ರಲ್ಲಿ ಭಾರತದ ಸ್ಟಾರ್ಟಪ್‌ಗಳಿಗೆ ಹಣ ಹರಿದುಬಂದ ಬಗೆಯನ್ನು ಆ ವರ್ಷ ಬೆಂಗಳೂರಿನಲ್ಲಿದ್ದವರು ಯಾರೂ ಮರೆಯಲಾರರು. ನೂರು ಕೋಟಿ ಡಾಲರ್ ಮೌಲ್ಯ ದಾಟಿ ಯೂನಿಕಾರ್ನ್ ಎನಿಸಿಕೊಂಡ ಕಂಪನಿಗಳೇ ಆ ಒಂದು ವರ್ಷದಲ್ಲಿ 40ಕ್ಕೂ ಹೆಚ್ಚು. ನಮ್ಮದು ಆ ಸಾಲಿಗೆ ಸೇರಿದ್ದಲ್ಲ, ಆದರೆ ನಮಗೂ ದೊಡ್ಡ ಮೊತ್ತದ ಬಂಡವಾಳ ಸಿಕ್ಕಿತು. ಬಂಡವಾಳ ಹಾಕಿದವರು ಅದನ್ನು ಬ್ಯಾಂಕಿನಲ್ಲಿಡಲು ಕೊಡುವುದಿಲ್ಲ. ಇಂತಿಷ್ಟು ತಿಂಗಳಲ್ಲಿ ಇಂತಿಷ್ಟು ನಗರ, ಇಂತಿಷ್ಟು ಅಂಗಡಿ ಎಂಬ ಒಪ್ಪಂದ ಆ ಹಣದ ಜೊತೆಗೇ ಬರುತ್ತದೆ. ಹದಿನೆಂಟು ತಿಂಗಳಲ್ಲಿ ನಾವು 23 ಜನರಿಂದ, ಗುತ್ತಿಗೆಯವರನ್ನು ಬಿಟ್ಟು, 400 ಜನರಾದೆವು. ಎರಡಂತಸ್ತಿನ ಮನೆಯಿಂದ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಕ್ಕೆ ಹೋದೆವು. ವಾರಕ್ಕೆ ಎಂಟು ಹತ್ತು ಹೊಸಬರು ಸೇರುತ್ತಿದ್ದ ತಿಂಗಳುಗಳೂ ಇದ್ದವು, ಮತ್ತು ಅವರನ್ನು ಸಂದರ್ಶಿಸುವುದರಲ್ಲೇ ನನ್ನ ದಿನದ ಅರ್ಧ ಕಳೆಯುತ್ತಿತ್ತು.

ಇಲ್ಲಿ ಒಂದು ಸರಳ ಗಣಿತವನ್ನು ಹೇಳಬೇಕು. ಇಪ್ಪತ್ತಮೂರು ಜನರಲ್ಲಿ ಒಬ್ಬೊಬ್ಬರೂ ಉಳಿದ ಪ್ರತಿಯೊಬ್ಬರ ಜೊತೆ ಮಾತಾಡುವುದಾದರೆ ಆಗುವ ಜೋಡಿಗಳು 253. ನಾಲ್ಕುನೂರು ಜನರಾದಾಗ ಆ ಜೋಡಿಗಳು 79,800 ಆಗುತ್ತವೆ. ಜನ ಹದಿನೇಳು ಪಟ್ಟು ಬೆಳೆದರೆ ಜೋಡಿಗಳು ಮುನ್ನೂರು ಪಟ್ಟಿಗೂ ಹೆಚ್ಚು ಬೆಳೆಯುತ್ತವೆ. ಅಷ್ಟು ಮಾತುಕತೆ ನಡೆಯಲು ಸಾಧ್ಯವಿಲ್ಲವಾದ್ದರಿಂದಲೇ ವಿಭಾಗ, ವಿಭಾಗಕ್ಕೊಬ್ಬ ಮುಖ್ಯಸ್ಥ, ವಾರದ ವರದಿ, ದೂರು ದಾಖಲಿಸುವ ಟಿಕೆಟ್ ವ್ಯವಸ್ಥೆ ಎಲ್ಲವೂ ಹುಟ್ಟುತ್ತವೆ. ಇವನ್ನು ಬೈಯುವುದು ಸುಲಭ, ನಾನೂ ಆಗ ಬೈದಿದ್ದೇನೆ, ಆದರೆ ಇವಿಲ್ಲದೆ ಅಷ್ಟು ಜನ ಒಂದು ದಿನವೂ ಕೆಲಸ ಮಾಡಲಾರರು. ತೊಂದರೆ ಇರುವುದು ಬೇರೆ ಕಡೆ. ಈ ಕಾಲುವೆಗಳನ್ನು ತೋಡುವವರು ಯಾವ ನೀರು ಹರಿಯಬೇಕೆಂದು ಮೊದಲೇ ನಿಶ್ಚಯಿಸಿ ತೋಡುತ್ತಾರೆ. ಅವರು ಎಣಿಸದೇ ಇದ್ದ ಸಂಗತಿಯೊಂದು ಬಂದಾಗ ಅದಕ್ಕೆ ಹರಿಯಲು ಜಾಗವಿರುವುದಿಲ್ಲ.

ಭಾಷೆಯೂ ಬದಲಾಯಿತು. ಮೊದಲ ಇಪ್ಪತ್ತಮೂರು ಜನರಲ್ಲಿ ಹೆಚ್ಚಿನವರಿಗೆ ಕನ್ನಡ ಬರುತ್ತಿತ್ತು, ಬಾರದವರಿಗೂ ಕೇಂದ್ರಕ್ಕೆ ಹೋಗಿ ಬಂದು ನಾಲ್ಕು ಮಾತು ಹತ್ತಿತ್ತು. ನಾಲ್ಕುನೂರು ಜನರಾದಾಗ ಕಚೇರಿಯ ಮಾತು ಇಂಗ್ಲಿಷ್ ಮತ್ತು ಹಿಂದಿ. ಕೇಂದ್ರಗಳ ಮಾತು ಕನ್ನಡ ಮತ್ತು ತೆಲುಗು. ಹೊಸದಾಗಿ ಬಂದವರು ಜಾಣರು, ಶ್ರಮಜೀವಿಗಳು, ಅವರಿಂದ ನಾನು ಕಲಿತದ್ದು ಬಹಳ, ಮತ್ತು ಅವರು ಎಲ್ಲಿಂದ ಬಂದರೆಂಬುದು ನನ್ನ ದೂರಲ್ಲ. ಆದರೆ ರೈತರಿಗೆ ಹೋಗುವ ಹಣದ ಸಂದೇಶವನ್ನು ಹೊಸದಾಗಿ ಬರೆದಾಗ ಅದು ಇಂಗ್ಲಿಷಿನಲ್ಲಿ ಮಾತ್ರ ಬಂತು, ಕನ್ನಡ ಮುಂದಿನ ಹಂತಕ್ಕೆ ಎಂದು ಪಟ್ಟಿಯಲ್ಲಿ ಉಳಿಯಿತು. ಒಟ್ಟು ತೂಕ, ಕ್ರೇಟಿನ ತೂಕ ಕಳೆದ ನಿವ್ವಳ ತೂಕ, ದರ, ಮೊತ್ತ ಎಲ್ಲವೂ ಆ ಸಂದೇಶದಲ್ಲಿದ್ದವು. ಓದಲು ಬರುವವರ ಕೈಗೆ ಅದು ಹೋಗುತ್ತಿರಲಿಲ್ಲ ಅಷ್ಟೆ.

ನಮ್ಮ ತಂದೆ ಮೂವತ್ತೆರಡು ವರ್ಷ ಒಂದೇ ಅಂಗಡಿಯನ್ನು ನಡೆಸಿದವರು, ಅದರ ಅಗಲ ಒಂದಡಿಯೂ ಹೆಚ್ಚಾಗಲಿಲ್ಲ. ನಾನು ಊರಿಗೆ ಹೋದಾಗಲೆಲ್ಲ ಕಂಪನಿ ಎಷ್ಟು ಬೆಳೆದಿದೆಯೆಂದು ಉತ್ಸಾಹದಿಂದ ಹೇಳುತ್ತಿದ್ದೆ. ಅವರು ಕೇಳಿಸಿಕೊಂಡು, “ಎಲ್ಲಾ ಸರಿ ಕಣಮ್ಮ, ಲಾಭ ಬಂತಾ?” ಎಂದು ಮಾತ್ರ ಕೇಳುತ್ತಿದ್ದರು. ಬಂದಿರಲಿಲ್ಲ. ಒಂದು ಕಿಲೋ ತರಕಾರಿಯನ್ನು ಕೊಳ್ಳುವ, ವಿಂಗಡಿಸುವ, ಸಾಗಿಸುವ, ಕೊಳೆತದ್ದನ್ನು ಎಸೆಯುವ ಖರ್ಚೆಲ್ಲ ಸೇರಿದರೆ, ನಾವು ಮಾರುತ್ತಿದ್ದ ದರಕ್ಕಿಂತ ಒಂದೂವರೆ ಎರಡು ರೂಪಾಯಿ ಹೆಚ್ಚೇ ಆಗುತ್ತಿತ್ತು. ವ್ಯವಹಾರ ದೊಡ್ಡದಾದಷ್ಟೂ ಸಾಗಣೆಯ ಖರ್ಚು ಹಂಚಿಹೋಗಿ ಈ ಕೊರತೆ ಮುಚ್ಚುತ್ತದೆ ಎಂಬುದು ನಮ್ಮೆಲ್ಲರ ನಂಬಿಕೆಯಾಗಿತ್ತು, ಅದು ಸುಳ್ಳು ನಂಬಿಕೆಯೇನಲ್ಲ. ಟೆಂಪೊ ಪೂರ್ತಿ ತುಂಬಿದ ಮಾರ್ಗಗಳಲ್ಲಿ ಅದು ನಿಜವಾಗಿಯೂ ಮುಚ್ಚುತ್ತಿತ್ತು. ಅಲ್ಲಿಯವರೆಗೆ ಬಂಡವಾಳದ ಹಣ ಉಣಿಸಬೇಕು. ಕೈಯಲ್ಲಿರುವ ಹಣವನ್ನು ತಿಂಗಳ ಕೊರತೆಯಿಂದ ಭಾಗಿಸಿದರೆ ಎಷ್ಟು ತಿಂಗಳು ಉಸಿರಾಡಬಹುದು ಎಂಬ ಅಂಕಿ ಸಿಗುತ್ತದೆ, ಅದನ್ನೇ ಸ್ಟಾರ್ಟಪ್‌ನವರು ರನ್‌ವೇ ಎನ್ನುತ್ತಾರೆ. ನಮ್ಮ ತಂದೆಗೆ ನಾನು ಇದನ್ನು ವಿವರಿಸಿದ್ದೆ. ಅವರು, “ಹಾಗಾದರೆ ಬೇರೆಯವರ ದುಡ್ಡಲ್ಲಿ ನೀವು ತಕ್ಕಡಿ ಕಟ್ಟಿದ್ದೀರಿ, ತಕ್ಕಡಿ ನೆಟ್ಟಗಿರಲಿ” ಎಂದಿದ್ದರು. ಕ್ರೇಟಿನ ವಿಷಯ ಆಗಿನ್ನೂ ನಡೆದಿರಲಿಲ್ಲ.

ಬೆಳವಣಿಗೆಯ ವೇಗಕ್ಕೆ ಕಟ್ಟಿದ್ದು ಸಾಲದೆ ಹೋಗುವುದು ನಮ್ಮಲ್ಲಿ ಮಾತ್ರ ಆದದ್ದಲ್ಲ. 2007ರಲ್ಲಿ ಪುಸ್ತಕ ಮಾರಾಟದಿಂದ ಬೆಂಗಳೂರಿನಲ್ಲಿ ಶುರುವಾದ ಫ್ಲಿಪ್‌ಕಾರ್ಟ್ 2014ರ ಅಕ್ಟೋಬರ್ 6ರಂದು ತನ್ನ ಮೊದಲ ದೊಡ್ಡ ಮಾರಾಟದ ದಿನವನ್ನು ನಡೆಸಿದಾಗ ಜನರ ನೂಕುನುಗ್ಗಲಿಗೆ ಜಾಲತಾಣ ತತ್ತರಿಸಿ, ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಗ್ರಾಹಕರ ಕ್ಷಮೆ ಕೇಳಿ ಪತ್ರ ಬರೆದಿದ್ದರು. ಅಂಥ ಕುಸಿತವನ್ನು ನಾನು ಒಂದು ದೃಷ್ಟಿಯಲ್ಲಿ ಒಳ್ಳೆಯ ಕುಸಿತವೆಂದೇ ಭಾವಿಸುತ್ತೇನೆ, ಏಕೆಂದರೆ ಅದು ಎಲ್ಲರಿಗೂ ಕಾಣುತ್ತದೆ, ಆದ್ದರಿಂದ ಅಂದೇ ಅದರ ಮೇಲೆ ಕೆಲಸ ಶುರುವಾಗುತ್ತದೆ. ಕಾಣದೆ ಸೋರುವುದು ಹೆಚ್ಚು ಕೆಟ್ಟದ್ದು.

2022ರ ಫೆಬ್ರುವರಿಯಲ್ಲಿ ನಮ್ಮ ಖರೀದಿ ವಿಭಾಗ ಹೊಸ ಕ್ರೇಟುಗಳನ್ನು ತರಿಸಿತು. ಹಳೆಯದಕ್ಕಿಂತ ಅಗ್ಗ, ಒಂದರೊಳಗೊಂದು ಕೂರುವುದರಿಂದ ಖಾಲಿ ಕ್ರೇಟು ಮರಳಿ ಹೋಗುವಾಗ ಟೆಂಪೊದಲ್ಲಿ ಜಾಗ ಉಳಿಯುತ್ತದೆ, ಪ್ಲಾಸ್ಟಿಕ್ ತೆಳುವಾದ್ದರಿಂದ ಎತ್ತುವವರಿಗೂ ಹಗುರ. ಎಲ್ಲ ರೀತಿಯಿಂದಲೂ ಒಳ್ಳೆಯ ನಿರ್ಧಾರ. ಆದರೆ ರೈತರು ತಂದ ಮಾಲನ್ನು ಕ್ರೇಟಿನ ಸಮೇತ ತೂಗಿ, ಕ್ರೇಟಿನ ತೂಕವೆಂದು ಪ್ರತಿಯೊಂದಕ್ಕೆ 2 ಕಿಲೋ ಕಳೆಯುವಂತೆ ಆ್ಯಪ್‌ನಲ್ಲಿ ಬರೆದಿತ್ತು. ಆ 2 ಎಂಬ ಅಂಕಿಯನ್ನು ಅಲ್ಲಿ ಬರೆದವಳು ನಾನು, 2019ರ ಜೂನ್‌ನಲ್ಲಿ, ಮಾಲೂರಿನ ಕೇಂದ್ರದ ಮೂಲೆಯಲ್ಲಿ ಕುಳಿತು. ಆಗ ಇದ್ದದ್ದು ಒಂದೇ ಬಗೆಯ ಕ್ರೇಟು, ಅದು ಬದಲಾದರೆ ನನಗೆ ಗೊತ್ತಾಗದೆ ಇರಲು ಸಾಧ್ಯವೇ ಇರಲಿಲ್ಲ. ಮೂರು ವರ್ಷದ ಬಳಿಕ ಖರೀದಿ ವಿಭಾಗದವರಿಗೆ ಆ್ಯಪ್ ತೂಕ ಕಳೆಯುತ್ತದೆಂಬುದು ಗೊತ್ತಿರಲಿಲ್ಲ, ಆ್ಯಪ್ ನೋಡಿಕೊಳ್ಳುತ್ತಿದ್ದ ಹೊಸ ತಂಡಕ್ಕೆ ಕ್ರೇಟು ಬದಲಾಗಿದ್ದು ಗೊತ್ತಿರಲಿಲ್ಲ, ನಾನು ಇನ್ನೊಂದು ವಿಭಾಗಕ್ಕೆ ಹೋಗಿ ಒಂದು ವರ್ಷವಾಗಿತ್ತು. ಹೊಸ ಕ್ರೇಟಿನಲ್ಲಿ 25 ಕ್ರೇಟು ಟೊಮೆಟೊ ತಂದ ರೈತನಿಗೆ ಅವತ್ತು 10 ಕಿಲೋದ ಹಣ ಕಡಿಮೆ ಬರುತ್ತಿತ್ತು. ಆತ ಯಾರನ್ನು ಕೇಳಬೇಕು?

ತೂಕದಣ್ಣನನ್ನು ಕೇಳಿದರು. ಅವರು ಎರಡನೆಯ ದಿನವೇ ಖಾಲಿ ಕ್ರೇಟನ್ನು ಯಂತ್ರದ ಮೇಲಿಟ್ಟು ನೋಡಿ ವಿಷಯ ತಿಳಿದುಕೊಂಡಿದ್ದರು. ಕೇಂದ್ರದ ಮೇಲ್ವಿಚಾರಕನಿಗೆ ಹೇಳಿದರು. ಅವನು ಜಿಲ್ಲೆಯ ವ್ಯವಸ್ಥಾಪಕರಿಗೆ ಹೇಳಿದ. ಅವರು ವಾರದ ವರದಿಯಲ್ಲಿ ಸೇರಿಸು ಎಂದರು, ಆದರೆ ವರದಿಯ ನಮೂನೆಯಲ್ಲಿ ಬಂದ ಮಾಲು, ಡಂಪ್ ಆದ ಮಾಲು, ತಡವಾದ ಟೆಂಪೊ ಇವುಗಳಿಗೆ ಅಂಕಣಗಳಿದ್ದವು, ಇಂಥದಕ್ಕೆ ಇರಲಿಲ್ಲ. ಮೇಲ್ವಿಚಾರಕ ಕೊನೆಗೆ ಒಂದು ಟಿಕೆಟ್ ಹಾಕಿದ, ಅದು “ತೂಕ ಸರಿ ಬರುತ್ತಿಲ್ಲ” ಎಂಬ ಒಂದೇ ಸಾಲಿನದು. ತೂಕದ ಯಂತ್ರಗಳ ಬಗ್ಗೆ ವಾರಕ್ಕೆ ಹತ್ತಾರು ದೂರು ಬರುತ್ತಿದ್ದುದರಿಂದ ಯಂತ್ರ ಪರೀಕ್ಷಿಸುವವರು ಬಂದು, ಯಂತ್ರ ಸರಿಯಾಗಿದೆಯೆಂದು ಬರೆದು ಟಿಕೆಟ್ ಮುಚ್ಚಿದರು. ಯಂತ್ರ ನಿಜವಾಗಿಯೂ ಸರಿಯಾಗಿತ್ತು. ತೂಕದಣ್ಣ ತಾವೇ ಟಿಕೆಟ್ ಹಾಕಲಾಗಲಿಲ್ಲವೇ ಎಂದು ನಾನು ಆಮೇಲೆ ವಿಚಾರಿಸಿದೆ. ಅವರು ನನಗಿಂತ ಮೊದಲಿನಿಂದ ಆ ಕೇಂದ್ರದಲ್ಲಿದ್ದವರು, ಆದರೆ ಕಾರ್ಮಿಕರನ್ನು ಪೂರೈಸುವ ಗುತ್ತಿಗೆದಾರನ ಲೆಕ್ಕದಲ್ಲಿದ್ದರು. ಕಂಪನಿಯ ಇಮೇಲ್ ವಿಳಾಸ ಇಲ್ಲದವರಿಗೆ ಟಿಕೆಟ್ ವ್ಯವಸ್ಥೆಯೊಳಗೆ ಪ್ರವೇಶವೇ ಇರಲಿಲ್ಲ.

ನಾನು ಬೇರೊಂದು ಕೆಲಸಕ್ಕಾಗಿ ಮಾಲೂರಿಗೆ ಹೋದದ್ದು 41ನೆಯ ದಿನ. ಎರಡು ವರ್ಷಗಳಿಂದ ಅಲ್ಲಿಗೆ ಕಾಲಿಟ್ಟಿರಲಿಲ್ಲ. ತೂಕದಣ್ಣ ನನ್ನನ್ನು ಗುರುತಿಸಿ, ಕ್ಷೇಮ ಕೇಳಿ, ಚಹಾ ತರಿಸಿ, ಆಮೇಲೆ ಏನೂ ಹೇಳದೆ ಒಂದು ಖಾಲಿ ಕ್ರೇಟನ್ನು ಯಂತ್ರದ ಮೇಲಿಟ್ಟು, “ನೀವೇ ಓದಮ್ಮ” ಎಂದರು. ಓದಿದೆ. ಆಮೇಲೆ ಹಳೆಯದೊಂದನ್ನು ಇಟ್ಟರು. ಅವರ ಮುಖದಲ್ಲಿ ಕೋಪವಿರಲಿಲ್ಲ. “ನೀವಿದ್ದಾಗ ಹಿಂಗಾಗಿದ್ರೆ ಅವತ್ತೇ ಫೋನ್ ಮಾಡ್ತಿದ್ದೆ, ಈಗ ಯಾರಿಗೆ ಮಾಡೋದು ಅಂತ ಗೊತ್ತಾಗಲಿಲ್ಲ” ಎಂದರು. ನನ್ನ ನಂಬರು ಅವರ ಬಳಿ ಇತ್ತು. ನಾನೀಗ ದೊಡ್ಡವಳಾಗಿದ್ದೇನೆ, ಇಂಥ ಚಿಕ್ಕ ವಿಷಯಕ್ಕೆ ಕರೆಯಬಾರದು ಎಂದು ಯಾರೋ ಅವರಿಗೆ ಹೇಳಿದ್ದರಂತೆ.

ಅದೇ ರಾತ್ರಿ ನಾನು ಕಂಪನಿ ಕಟ್ಟಿದವರಲ್ಲಿ ಒಬ್ಬರಿಗೆ ನೇರವಾಗಿ ಫೋನ್ ಮಾಡಿದೆ. ಅವರ ಬಗ್ಗೆ ನ್ಯಾಯವಾಗಿ ಹೇಳಬೇಕು: ವಿಷಯ ಅರ್ಥವಾಗಲು ಹತ್ತು ನಿಮಿಷವೂ ಬೇಕಾಗಲಿಲ್ಲ, ಹಣ ಮರಳಿಸಬೇಕೆಂದು ಅವರೇ ಹೇಳಿದರು. ಅವರವರೆಗೆ ವಿಷಯ ತಲುಪಲು 41 ದಿನ ಹಿಡಿದಿತ್ತು, ತಲುಪಿದ ಮೇಲೆ ಹತ್ತು ನಿಮಿಷ. ಹಣಕಾಸು ವಿಭಾಗದ ಸಭೆಯಲ್ಲಿ ಮಾತ್ರ ವಾದ ನಡೆಯಿತು. ಯಾವ ರೈತನ ಯಾವ ಲೋಡಿನಲ್ಲಿ ಎಷ್ಟು ಹೊಸ ಕ್ರೇಟು, ಎಷ್ಟು ಹಳೆಯದು ಎಂಬ ದಾಖಲೆ ನಮ್ಮಲ್ಲಿರಲಿಲ್ಲ. ಹಾಗಾಗಿ ನಿಖರವಾದ ಮೊತ್ತ ಹೇಳಲಾಗದು, ನಿಖರವಾಗಿ ಹೇಳಲಾಗದ ಮೊತ್ತವನ್ನು ಲೆಕ್ಕದಲ್ಲಿ ತೋರಿಸುವುದು ಕಷ್ಟ ಎಂಬುದು ಅವರ ಮಾತು. ಅದು ಕುಹಕದ ಮಾತಲ್ಲ, ಲೆಕ್ಕಪರಿಶೋಧಕರಿಗೆ ಉತ್ತರ ಕೊಡಬೇಕಾದವರು ಅವರು. ಆ 41 ದಿನ ಎಲ್ಲ ಕ್ರೇಟುಗಳೂ ಹೊಸವೇ ಎಂದು ಭಾವಿಸಿ ಕೊಟ್ಟುಬಿಡೋಣ, ಹೆಚ್ಚಾದರೆ ಅದು ರೈತರಿಗೆ ಹೋಗಲಿ ಎಂದು ನಾನು ಹೇಳಿದೆ. ನನ್ನ ಜೀವನದಲ್ಲಿ ಸಭೆಯೊಂದರಲ್ಲಿ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಏಳು ಕೇಂದ್ರಗಳ ಆರುನೂರಕ್ಕೂ ಹೆಚ್ಚು ರೈತರ ಖಾತೆಗೆ ಹಣ ಹೋಯಿತು, ಜೊತೆಗೆ ಏನಾಯಿತು, ಏಕೆ ಆಯಿತು, ಎಷ್ಟು ಮರಳಿಸಿದ್ದೇವೆ ಎಂಬ ನಾಲ್ಕು ಸಾಲು ಕನ್ನಡದಲ್ಲಿ ಹೋಯಿತು. ಆ ನಾಲ್ಕು ಸಾಲನ್ನು ನಾನು ಇಡೀ ಒಂದು ದಿನ ಕುಳಿತು ಬರೆದೆ.

ಆದರೂ ಕೆಲವರು ಮರಳಲಿಲ್ಲ. ಮಾಲೂರಿನ ಸಮೀಪದ ಹಿರಿಯ ರೈತರೊಬ್ಬರು ಕೋಲಾರದ ಎಪಿಎಂಸಿಗೆ ಹೋಗಲು ಶುರುಮಾಡಿದ್ದರು, ಅಲ್ಲಿ ಟೊಮೆಟೊ 15 ಕಿಲೋದ ಬಾಕ್ಸಿನ ಲೆಕ್ಕದಲ್ಲಿ ಹರಾಜಾಗುತ್ತದೆ. ನಾನು ಅವರ ಮನೆಗೆ ಹೋಗಿ ಕೇಳಿದೆ. “ದುಡ್ಡು ಬಂತಮ್ಮ, ಇಲ್ಲ ಅನ್ನಲ್ಲ. ಮಂಡಿಯವನೂ ಮೋಸ ಮಾಡ್ತಾನೆ. ಆದ್ರೆ ಜಗಳ ಆಡೋಕೆ ಅವನು ಎದುರಿಗೆ ಸಿಗ್ತಾನೆ” ಎಂದರು. ದಲ್ಲಾಳಿಗಳ ಕಮಿಷನ್‌ನಿಂದ ರೈತರನ್ನು ಬಿಡಿಸುವುದೇ ನಮ್ಮ ಕಂಪನಿಯ ಹುಟ್ಟಿನ ಕಾರಣವೆಂದು ನಾವು ಗೋಡೆಯ ಮೇಲೆ ಬರೆದುಕೊಂಡಿದ್ದೆವು. ಬೆಳೆದವರನ್ನೂ ಕೊಳ್ಳುವವರನ್ನೂ ಹತ್ತಿರ ತರುವ ಪ್ರಯತ್ನವನ್ನು ಈ ನೆಲದಲ್ಲಿ ಮೊದಲು ಮಾಡಿದವರು ನಾವೂ ಅಲ್ಲ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಶುರುವಾದ ಹಾಪ್‌ಕಾಮ್ಸ್‌ನ ಮಳಿಗೆಗಳಿಂದ ಬೆಂಗಳೂರಿನ ಎಷ್ಟೋ ತಲೆಮಾರುಗಳು ತರಕಾರಿ ಕೊಂಡಿವೆ. ಅಲ್ಲಿ ರೈತನೇ ಸದಸ್ಯ. ನಮ್ಮಲ್ಲಿ ರೈತನು ಆ್ಯಪ್‌ನ ಒಂದು ತುದಿಯಲ್ಲಿದ್ದ, ಆ ತುದಿಯಿಂದ ನಮ್ಮ ಕಡೆಗೆ ಮಾತು ಬರುವ ಗುಂಡಿಯೊಂದನ್ನು ನಾವು ಕಟ್ಟಿರಲಿಲ್ಲ.

2022ರ ಕೊನೆಗೆ ಬಂಡವಾಳದ ಹರಿವು ಬತ್ತಿತು. ಅದರ ಬಗ್ಗೆ ಹೆಚ್ಚು ಬರೆಯಲು ಮನಸ್ಸಿಲ್ಲ. ಒಂದು ಮಂಗಳವಾರ ಬೆಳಿಗ್ಗೆ ತೊಂಬತ್ತು ಜನರ ಕೆಲಸ ಹೋಯಿತು, ಅವರಲ್ಲಿ ನಾನೇ ಸಂದರ್ಶನ ಮಾಡಿ ಕರೆತಂದ ಆರು ಮಂದಿ ಇದ್ದರು. ಕೆಲಸಕ್ಕೆ ಸೇರಲು ಹೊರಟವರಿಗೆ ಉಪಯೋಗವಾಗಬಹುದಾದ ಒಂದು ಸಂಗತಿಯನ್ನು ಮಾತ್ರ ಹೇಳುತ್ತೇನೆ. ಇಸಾಪ್ ಎಂದು ಎಲ್ಲರೂ ಕರೆಯುವ, ಕಂಪನಿಯ ಷೇರನ್ನು ಮೊದಲೇ ಗೊತ್ತುಮಾಡಿದ ಬೆಲೆಗೆ ಕೊಳ್ಳುವ ಹಕ್ಕನ್ನು ಸಂಬಳದ ಭಾಗವೆಂದು ಕಾಗದದಲ್ಲಿ ತೋರಿಸುತ್ತಾರೆ. ಅದು ಸಾಮಾನ್ಯವಾಗಿ ನಾಲ್ಕು ವರ್ಷಗಳಲ್ಲಿ ಕಂತುಕಂತಾಗಿ ಕೈಗೆ ಬರುತ್ತದೆ, ಮೊದಲ ವರ್ಷದಲ್ಲಿ ಏನೂ ಬರುವುದಿಲ್ಲ, ಕಂಪನಿ ಕಾಯ್ದೆಯ ನಿಯಮದಂತೆ ಕನಿಷ್ಠ ಒಂದು ವರ್ಷದ ಅಂತರ ಇರಲೇಬೇಕು. ಕೆಲಸ ಬಿಟ್ಟಾಗ ಆ ಹಕ್ಕನ್ನು ಷೇರಾಗಿ ಬದಲಿಸಿಕೊಳ್ಳಲು ಅನೇಕ ಕಡೆ ಕೆಲವೇ ತಿಂಗಳ ಗಡುವಿರುತ್ತದೆ, ನಮ್ಮಲ್ಲಿ ಅದು 90 ದಿನವಾಗಿತ್ತು. ಬದಲಿಸಿಕೊಂಡ ದಿನ ಷೇರಿನ ಮೌಲ್ಯಕ್ಕೂ ನೀವು ಕೊಟ್ಟ ಬೆಲೆಗೂ ಇರುವ ವ್ಯತ್ಯಾಸವನ್ನು ಸಂಬಳವೆಂದೇ ಪರಿಗಣಿಸಿ ಆದಾಯ ತೆರಿಗೆ ಬೀಳುತ್ತದೆ, ಆ ಷೇರನ್ನು ಕೊಳ್ಳುವವರು ಯಾರೂ ಇಲ್ಲದಿದ್ದರೂ ಬೀಳುತ್ತದೆ. 2020ರ ಬಜೆಟ್ಟಿನಲ್ಲಿ ತಂದ, ಈ ತೆರಿಗೆಯ ಮುಂದೂಡಿಕೆಯ ಸೌಲಭ್ಯ ಸರ್ಕಾರದ ಪ್ರಮಾಣಪತ್ರ ಪಡೆದ ಅರ್ಹ ಸ್ಟಾರ್ಟಪ್‌ಗಳಿಗಷ್ಟೇ ಸೀಮಿತ, ಅದೂ ಕೆಲಸ ಬಿಟ್ಟವರಿಗೆ ಉಳಿಯುವುದಿಲ್ಲ. ಆದ್ದರಿಂದ ಆ ಕಾಗದಕ್ಕೆ ಸಹಿ ಹಾಕುವ ಮುನ್ನ ಗಡುವು ಎಷ್ಟೆಂದು, ಬೆಲೆ ಎಷ್ಟೆಂದು ಬಾಯಿಬಿಟ್ಟು ಕೇಳಿ. ಕೆಲಸ ಕಳೆದುಕೊಂಡ ನನ್ನ ತಂಡದ ಆರು ಮಂದಿಯಲ್ಲಿ ನಾಲ್ವರು ತೆರಿಗೆ ಕಟ್ಟಲು ಹಣವಿಲ್ಲದೆ ತಮ್ಮ ಹಕ್ಕನ್ನು ಬಿಟ್ಟುಕೊಟ್ಟರು. ತೂಕದಣ್ಣನಿಗೆ ಬಿಟ್ಟುಕೊಡಲು ಅಂಥದೇನೂ ಇರಲಿಲ್ಲ.

ನಾನು ಉಳಿದೆ. ಉಳಿಯುವುದಾದರೆ ಎರಡು ಕೆಲಸ ನನಗೆ ಬಿಟ್ಟುಕೊಡಿ ಎಂದು ಕೇಳಿಕೊಂಡು ಉಳಿದೆ. ಮೊದಲನೆಯದು, ಕೇಂದ್ರದಲ್ಲಿ ಕೆಲಸ ಮಾಡುವ ಯಾರೇ ಆಗಲಿ, ಯಾರ ಲೆಕ್ಕದಲ್ಲೇ ಇರಲಿ, ಇಮೇಲ್ ಇಲ್ಲದೆ, ಕನ್ನಡದಲ್ಲೋ ತೆಲುಗಿನಲ್ಲೋ ಮಾತಾಡಿ ದೂರು ದಾಖಲಿಸಲು ಒಂದು ಫೋನ್ ಸಂಖ್ಯೆ. ಆ ಧ್ವನಿಮುದ್ರಿಕೆಗಳನ್ನು ಆ್ಯಪ್ ತಂಡದವರು ಪ್ರತಿ ದಿನ ಮಧ್ಯಾಹ್ನ ಕೂತು ಕೇಳಲೇಬೇಕು. ಎರಡನೆಯದು, ಹೊಸದಾಗಿ ಸೇರುವ ಪ್ರತಿಯೊಬ್ಬ ಎಂಜಿನಿಯರ್ ಮೊದಲ ನಾಲ್ಕು ರಾತ್ರಿಗಳನ್ನು ಯಾವುದಾದರೂ ಕೇಂದ್ರದಲ್ಲಿ ಕಳೆಯಬೇಕು. ಎರಡನೆಯದಕ್ಕೆ ತುಂಬ ವಿರೋಧ ಬಂತು, ನಾಲ್ಕು ರಾತ್ರಿ ಎಂದರೆ ಒಂದು ವಾರದ ಕೆಲಸ ಹೋದಂತೆ ಎಂದರು. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕಿಲೋ ಟೊಮೆಟೊ ಬಾಕ್ಸಿನ ದರ 2,000 ರೂಪಾಯಿ ದಾಟಿ, ದಿನಕ್ಕೆರಡು ಸಲ ದರ ಬದಲಿಸಬೇಕಾದ ಪರಿಸ್ಥಿತಿ ಬಂದಾಗ, ರೈತರು ಎಷ್ಟು ಹೊತ್ತಿಗೆ ಕೊಯ್ಯುವ ನಿರ್ಧಾರ ಮಾಡುತ್ತಾರೆಂದು ಕಣ್ಣಾರೆ ನೋಡಿ ಬಂದಿದ್ದ ಇಬ್ಬರು ಹೊಸ ಹುಡುಗರು ಮಧ್ಯಾಹ್ನದ ದರವನ್ನು ಹನ್ನೊಂದು ಗಂಟೆಗೇ ಪ್ರಕಟಿಸುವಂತೆ ತಾವಾಗಿಯೇ ಬದಲಿಸಿದರು. ವಿರೋಧ ಅಲ್ಲಿಂದ ತಣ್ಣಗಾಯಿತು.

ಹೋದ ತಿಂಗಳು ಸೇರಿದ ಹುಡುಗಿ ಕಾನ್ಪುರದ ಕಡೆಯವಳು, ಕನ್ನಡದ ಒಂದು ಪದವೂ ಬಾರದು. ಮಾಲೂರಿನ ಎರಡನೆಯ ರಾತ್ರಿ ಹನ್ನೊಂದೂವರೆಗೆ ನನಗೆ ಫೋನ್ ಮಾಡಿದಳು. ಹಿಂದಿನ ವಾರ ಬಂದ ಹೊಸ ಆವೃತ್ತಿಯಲ್ಲಿ ಗುಂಡಿಗಳು ಮತ್ತೆ ಚಿಕ್ಕದಾಗಿವೆ, ಇಲ್ಲಿರುವ ಹಿರಿಯರ ಬೆರಳು ಒದ್ದೆಯಾಗಿರುವುದರಿಂದ ಅವರಿಗೆ ಒತ್ತಲಾಗುತ್ತಿಲ್ಲ, ನಾಳೆ ಮಧ್ಯಾಹ್ನ ಎರಡು ಗಂಟೆಗೆ ಇದನ್ನು ತಾನೇ ಸರಿಪಡಿಸಿ ಜಾರಿಗೆ ತರಬಹುದೇ ಎಂದು ಕೇಳಿದಳು. ಹಿನ್ನೆಲೆಯಲ್ಲಿ ಕ್ರೇಟುಗಳು ನೆಲಕ್ಕೆ ಬೀಳುವ ಸದ್ದೂ, ಯಾವ ಗುಂಡಿ ಎಲ್ಲಿರಬೇಕೆಂದು ಅವಳಿಗೆ ಕನ್ನಡದಲ್ಲಿ ವಿವರಿಸುತ್ತಿದ್ದ ತೂಕದಣ್ಣನ ದನಿಯೂ ಕೇಳುತ್ತಿದ್ದವು. ತರಬಹುದು ಎಂದೆ.